ಅಡುಗೆಮನೆಯ ಅರಿವು: ಫ್ಯಾನಿ ಹೆಸ್ಸೆ

ಹಾಲಿನ ಸಿಹಿಯನ್ನು ಗಟ್ಟಿಯಾಗಿಸಲು ಚೈನಾ ಗ್ರಾಸ್ ಎಂಬ ಬಿಳಿಯ ಎಳೆಗಳನ್ನು ನೀರಿನಲ್ಲಿ ಕುದಿಸಿ ಕರಗಿಸುವುದನ್ನು ನಗರದ ಮನೆಗಳಲ್ಲಿ ನಾವು ಕಂಡಿದ್ದೇವೆ. ಕೆಂಪು ಕಡಲಪಾಚಿಯಿಂದ ತೆಗೆಯುವ ಈ ಪದಾರ್ಥಕ್ಕೆ ಅಗರ್ ಎಂದೂ ಹೆಸರುಂಟು. ಇದನ್ನು ರೋಗಾಣುಶಾಸ್ತ್ರಕ್ಕೆ ಒದಗಿಸಿಕೊಟ್ಟ ಮಹಿಳೆಯ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಫ್ಯಾನಿ ಏಂಜೆಲಿನಾ 1850ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಡಚ್ ವರ್ತಕನೊಬ್ಬನ ಮಗಳಾಗಿ ಜನಿಸಿದಳು. ಜಾವಾದಲ್ಲಿ ವಾಸಿಸಿ ಬಂದಿದ್ದ ಪರಿಚಯಸ್ಥರಿಂದ ಅಗರಿನ ಉಪಯೋಗವನ್ನು ಬಾಲ್ಯದಲ್ಲಿಯೇ ಕಲಿತಳು. 1874ರಲ್ಲಿ ವಾಲ್ಥರ್ ಹೆಸ್ಸೆ ಎಂಬ ಜರ್ಮನ್ ವೈದ್ಯನನ್ನು ವಿವಾಹವಾಗಿ ಜರ್ಮನಿಗೆ ತೆರಳಿದಳು. ಮೂವರು ಗಂಡುಮಕ್ಕಳ ತಾಯಿಯಾದ ಆಕೆ ಮನೆಗೆಲಸದೊಡನೆ ಗಂಡನ ಸಂಶೋಧನೆಗೂ ನೆರವಾದಳು. ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಅವನ ಲೇಖನಗಳಿಗಾಗಿ ಚಿತ್ರಿಸಿಕೊಟ್ಟಳು.

1881ರ ವೇಳೆಗೆ ವಾಲ್ಥರನು ಗಾಳಿಯಲ್ಲಿರುವ ರೋಗಾಣುಗಳನ್ನು ಜೆಲಟಿನ್ನಿನ ಮೇಲೆ ಬೆಳೆಸಲು ಯತ್ನಿಸುತ್ತಿದ್ದನು. ಬೇಸಗೆಯ ಸೆಕೆಗೆ ಜೆಲಟಿನ್ ಕರಗಿ ಹೋಗುತ್ತಿತ್ತು. ಕೆಲವು ರೋಗಾಣುಗಳಂತೂ ಅದನ್ನು ಜೀರ್ಣಿಸಿಕೊಂಡು ನೀರಾಗಿಸುತ್ತಿದ್ದವು. ಹೀಗೆ ಅವನ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತು. ಅದೇ ಸೆಕೆಯಲ್ಲಿ ಹೆಂಡತಿ ಮಾಡಿದ ಸಿಹಿತಿನಿಸುಗಳು ಗಟ್ಟಿಯಾಗಿಯೇ ಇರುವುದನ್ನು ಕಂಡು ಆತನು ಕಾರಣವನ್ನು ವಿಚಾರಿಸಿದನು. ಆಕೆ ಅಗರಿನ ಸಂಗತಿಯನ್ನು ತಿಳಿಸಿದಳು.

ಅಗರಿನ ಗುಣವೇ ವಿಶೇಷವಾದುದು. ಒಮ್ಮೆ ಹೆಪ್ಪುಗಟ್ಟಿದ ಮೇಲೆ ಅದು ಸುಮಾರು 85 ಡಿಗ್ರಿ ಸೆಂಟಿಗ್ರೇಡಿನವರೆಗೂ ಕರಗದು. ಆದುದರಿಂದ ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ರೋಗಾಣುಗಳನ್ನು ಬೆಳೆಸಬಹುದು. ಹೆಚ್ಚಿನ ರೋಗಾಣುಗಳಿಗೆ ಅದನ್ನು ಜೀರ್ಣಿಸುವ ಶಕ್ತಿಯೂ ಇಲ್ಲ.

ವಾಲ್ಥರನು ಈ ಸುದ್ದಿಯನ್ನು ತನ್ನ ಗುರು ರಾಬರ್ಟ್ ಕಾಕ್‌ನಿಗೆ ತಿಳಿಸಿದನು. 1882ರಲ್ಲಿ ಕ್ಷಯರೋಗದ ಅಣುವನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಕಾಕ್‌ನು ಅಗರನ್ನು ಹೆಸರಿಸಿದನು; ಹೆಸ್ಸೆ ದಂಪತಿಗಳನ್ನು ಹೆಸರಿಸಲಿಲ್ಲ. ಫ್ಯಾನಿಗೆ ಇದರಿಂದ ಕೀರ್ತಿಯಾಗಲಿ ಧನವಾಗಲಿ ಲಭಿಸಲಿಲ್ಲ. 1911ರಲ್ಲಿ ಪತಿಯನ್ನು ಕಳೆದುಕೊಂಡ ಆಕೆ 1934ರಲ್ಲಿ ಕಾಲವಾದಳು. 1939ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಈ ವೃತ್ತಾಂತವನ್ನು ಪ್ರಕಟಿಸಿ, ಆಕೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕೆಂದು ಸೂಚಿಸಿದರು.

ರೋಗಿಗೆ ಯಾವ ಔಷಧವು ತಕ್ಕುದೆಂದು ತಿಳಿಯಲು ಇಂದಿಗೂ ಆಸ್ಪತ್ರೆಗಳಲ್ಲಿ ಅಗರಿನ ತಟ್ಟೆಯ ಮೇಲೆ ರೋಗಾಣುಗಳನ್ನು ಬೆಳೆಸಿ ನೋಡುತ್ತಾರೆ. ಅಡುಗೆಮನೆಯ ಅರಿವನ್ನು ಕೀಳೆಂದು ಭಾವಿಸುವವರು ಫ್ಯಾನಿಯನ್ನು ನೆನೆಯಲಿ. ನಾವೂ ಮನೆಯಲ್ಲಿ ಕಾಣುವುದನ್ನು ಪ್ರಶ್ನಿಸಲು ಕಲಿಯೋಣ. ಉತ್ತರ ಹೇಳಿದವರ ಹೆಸರನ್ನು ಬರೆಯಲು ಮರೆಯದಿರೋಣ.