ಎಚ್. ಸಿ. ದಾಸಪ್ಪ

ಎಚ್. ಸಿ. ದಾಸಪ್ಪ (೧೮೯೪–೧೯೬೪) ಮೈಸೂರು ಸಂಸ್ಥಾನದ ಸ್ವಾತಂತ್ರ್ಯ ಹೋರಾಟಗಾರರು ಹಾಗೂ ಸಂಸದೀಯ ಪಟುಗಳು. ಸಮಾಜಸೇವಕಿ ಯಶೋಧರಾ ದಾಸಪ್ಪ ಇವರ ಪತ್ನಿ. ೧೯೪೭ರಲ್ಲಿ ಕೆ. ಸಿ. ರೆಡ್ಡಿಯವರ ಸಂಪುಟದಲ್ಲಿ ಸಚಿವರಾದರು. ೧೯೫೭ರಲ್ಲಿ ಬೆಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು.

ಲೋಕಸಭೆಯ ಅಂದಾಜು ಸಮಿತಿಗೆ ಇವರು ಅಧ್ಯಕ್ಷರಾಗಿದ್ದಾಗ, ೧೯೬೦ರಲ್ಲಿ, ಸಮಿತಿಯು ಸರ್ಕಾರಿ ಉದ್ಯಮಗಳ ಸ್ವರೂಪ ಮತ್ತು ಸಂಘಟನೆಯನ್ನು ಕುರಿತು ವರದಿ ಸಲ್ಲಿಸಿತು. ಆ ಉದ್ಯಮಗಳ ನಿರ್ದೇಶಕರನ್ನೂ ಮುಖ್ಯಾಧಿಕಾರಿಗಳನ್ನೂ ನೇಮಿಸುತ್ತಿದ್ದುದು ಸರ್ಕಾರ. ಅವುಗಳಲ್ಲಿ ತೊಡಗಿಸಿದ್ದ ಹಣ ಪ್ರಜೆಗಳದ್ದು. ಆದುದರಿಂದ ಆಡಳಿತ ಯಾರ ಕೈಯಲ್ಲಿದೆ ಎಂಬುದು ಸಂಸತ್ತು ವಿಚಾರಿಸಬೇಕಾದ ವಿಷಯವಾಗಿತ್ತು.

ಸಚಿವರು ಅಂದಾಜು ಸಮಿತಿಯ ಸದಸ್ಯರಾಗಿರುವಂತಿಲ್ಲ. ೧೯೬೩ರಲ್ಲಿ ಕೇಂದ್ರ ರೈಲ್ವೆ ಸಚಿವರಾದ ದಾಸಪ್ಪನವರು ಪ್ರಶ್ನಿಸುವ ಸ್ಥಾನದಿಂದ ಉತ್ತರಿಸುವ ಸ್ಥಾನಕ್ಕೆ ಬಂದರು. ಸಾರ್ವಜನಿಕ ಉದ್ಯಮಗಳಿಗೆಂದೇ ಪ್ರತ್ಯೇಕ ಸಂಸದೀಯ ಸಮಿತಿ ೧೯೬೪ರ ಮೇ ತಿಂಗಳಲ್ಲಿ ರಚನೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇವರು ನಿಧನರಾದರು.