‘ಕಾಯೌ ಶ್ರೀಗೌರಿ’ಯ ಕವಿ: ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳು

ಪದವು ಜನರ ಕಂಠದಲ್ಲಿ ಉಳಿದು ಪದಕರ್ತನ ಹೆಸರು ಮರೆಯಾಗುವುದು ಲೋಕದಲ್ಲಿ ಅಪೂರ್ವವಾದ ಸಂಗತಿಯಲ್ಲ. ಹಳೆಯ ಮೈಸೂರು ಸಂಸ್ಥಾನದ ಗೀತೆಯಾಗಿ ಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ಮೊಳಗಿದ ‘ಕಾಯೌ ಶ್ರೀಗೌರಿ’ಯನ್ನು ಕೇಳಿದವರು ಬಹಳ ಮಂದಿ, ಅದನ್ನು ರಚಿಸಿದ ಬಸವಪ್ಪಶಾಸ್ತ್ರಿಗಳ ಜೀವಿತವನ್ನು ಅರಿತವರು ಕೆಲವೇ ಮಂದಿ.

ಶಾಸ್ತ್ರಿಗಳು ವೀರಶೈವ ವಿದ್ವತ್ಕುಲದಲ್ಲಿ 1843ರಲ್ಲಿ ಜನಿಸಿದರು. ತಂದೆ ಮಹಾದೇವಶಾಸ್ತ್ರಿಗಳು. ಎಳೆವೆಯಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿದ ಬಾಲಕನಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನವೇ ಆಶ್ರಯವಾಯಿತು. ಗರಳಪುರಿ ಶಾಸ್ತ್ರಿಗಳಂತಹ ಘನವಿದ್ವಾಂಸರಲ್ಲಿ ಸಂಸ್ಕೃತ ಸಾಹಿತ್ಯದ ಅಭ್ಯಾಸ ನಡೆಯಿತು. ಇನ್ನೂ ತಾರುಣ್ಯದ ಹೊಸ್ತಿಲಲ್ಲಿರುವಾಗಲೇ ಅವರು ‘ಕೃಷ್ಣರಾಜಾಭ್ಯುದಯ’ವೆಂಬ ಕಾವ್ಯವನ್ನು ರಚಿಸಿ ಆಸ್ಥಾನದ ಮನ್ನಣೆಗೆ ಪಾತ್ರರಾದರು. 1868ರಲ್ಲಿ ಮುಮ್ಮಡಿಯವರು ಕಾಲವಶರಾದ ಬಳಿಕ ಪಟ್ಟಕ್ಕೆ ಬಂದ ಬಾಲಕ ಚಾಮರಾಜ ಒಡೆಯರಿಗೆ ಕನ್ನಡವನ್ನು ಬೋಧಿಸುವ ಹೊಣೆಯೂ ಇವರದಾಯಿತು. ಅರಮನೆಯ ಅನ್ನದಿಂದ ಬೆಳೆದ ತಬ್ಬಲಿಯು ಅರಮನೆಯ ಅರಸನಿಗೆ ಅಕ್ಷರಗುರುವಾದನು.

ಶಾಸ್ತ್ರಿಗಳ ಕೀರ್ತಿಯು ಹರಡಿದುದು ನಾಟಕಗಳಿಂದ. ಇದಕ್ಕೆ ಪೂರ್ವಪೀಠಿಕೆಯಾದ ಒಂದು ಪ್ರಸಂಗವು ಮಾವಿನಕುರ್ವೆಗೆ ಅನತಿದೂರದ ಕರ್ಕಿಗೆ ಸಂಬಂಧಿಸಿದುದೆಂಬುದು ಹೊನ್ನಾವರ ಸೀಮೆಯವರು ಹೆಮ್ಮೆಪಡತಕ್ಕ ಮಾತು. ಕರ್ಕಿಯ ಯಕ್ಷಗಾನ ಮೇಳವು 1842ರ ಸುಮಾರಿಗೆ ಸಾಂಗಲಿಯಲ್ಲಿ ತೋರಿದ ಆಟವೇ ಪ್ರೇರಣೆಯಾಗಿ, 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ರಂಗಕ್ಕೆ ತಂದರೆಂದೂ, ಮರಾಠಿ ರಂಗಭೂಮಿಗೆ ಅದೇ ನಾಂದಿಯಾಯಿತೆಂದೂ ಹೇಳುತ್ತಾರೆ. ಹೀಗೆ ಬೆಳೆದ ಮರಾಠಿ ಮಂಡಳಿಗಳು ಮುಂದೆ ಕನ್ನಡನಾಡನ್ನು ಸುತ್ತತೊಡಗಿದವು; ಪಾರಸಿ ಮಂಡಳಿಗಳೂ ಬಂದವು. ಅವುಗಳ ಆಕರ್ಷಣೆಯನ್ನು ಕಂಡ ಚಾಮರಾಜ ಒಡೆಯರು ಕನ್ನಡಕ್ಕೂ ಅಂತಹ ಭಾಗ್ಯವಿರಬೇಕೆಂದು ಬಯಸಿ ಅರಮನೆಯ ನಾಟಕಸಭೆಯನ್ನು ಕಟ್ಟಿಸಿದರು. ಆ ಸಭೆಗೆ ಕೃತಿಗಳನ್ನು ಒದಗಿಸಿದವರಲ್ಲಿ ಅಗ್ರಗಣ್ಯರು ಬಸವಪ್ಪಶಾಸ್ತ್ರಿಗಳು.

ಕಾಳಿದಾಸನ ‘ಶಾಕುಂತಲ’, ‘ವಿಕ್ರಮೋರ್ವಶೀಯ’ಗಳನ್ನೂ, ಭವಭೂತಿಯ ‘ಉತ್ತರರಾಮಚರಿತ’, ‘ಮಾಲತೀಮಾಧವ’ಗಳನ್ನೂ, ‘ರತ್ನಾವಳಿ’, ‘ಚಂಡಕೌಶಿಕ’ಗಳನ್ನೂ ಅವರು ಕನ್ನಡಿಸಿದರು. ಆಂಗ್ಲಭಾಷೆಯ ಪರಿಚಯವಿಲ್ಲದಿದ್ದರೂ, ಬಲ್ಲವರಿಂದ ಕಥೆಯನ್ನು ಕೇಳಿ ತಿಳಿದು, ಶೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನಚರಿತ್ರೆ’ಯಾಗಿಸಿದರು. ‘ದಮಯಂತೀಸ್ವಯಂವರ’, ‘ಸಾವಿತ್ರೀಚರಿತ್ರೆ’ಗಳೂ ಅವರವೇ. ಮೂಲದ ಗಾಂಭೀರ್ಯ ಕೆಡದಂತೆ, ಕನ್ನಡದ ಕಿವಿಗೆ ಹಿತವಾಗುವಂತೆ ‘ಶಾಕುಂತಲ’ವನ್ನು ತಂದ ಕೌಶಲಕ್ಕೆ ಒಡೆಯರು ಇತ್ತ ಬಿರುದೇ ‘ಅಭಿನವ ಕಾಳಿದಾಸ’.

ಆದರೆ ಪಂಡಿತರ ಸಭೆಯನ್ನು ದಾಟಿ ಜನಸಾಮಾನ್ಯರ ನಾಲಗೆಯನ್ನು ಸೇರಿದುದು ಆ ಚಿಕ್ಕ ಪ್ರಾರ್ಥನೆ. ಅದು ದೇವಿಯನ್ನು ಸ್ತುತಿಸಿ ಅರಸನಿಗೆ ರಕ್ಷೆಯನ್ನು ಬೇಡುವ ಗೀತೆ. ಹಾಡುವ ರಾಗ ಧೀರಶಂಕರಾಭರಣ. ಈ ರಾಗದ ಸಪ್ತಸ್ವರಗಳು ಪಾಶ್ಚಾತ್ಯರು ಮೇಜರ್ ಎಂದು ಕರೆಯುವ ಸ್ವರಶ್ರೇಣಿಗೆ ಸರಿಹೊಂದುವುವು. ಆದಕಾರಣ ವೀಣೆಯ ವೈಣಿಕನೂ, ಬ್ಯಾಂಡಿನ ಕಹಳೆಗಾರನೂ ಒಂದು ಸ್ವರವನ್ನೂ ತಿದ್ದದೆ ಅದನ್ನು ನುಡಿಸಬಹುದು. ನಡೆಯೂ ಅಂತಹುದೇ: ಅವಸರವಿಲ್ಲ, ಆಲಸ್ಯವಿಲ್ಲ. ಸಂಗೀತಾಭ್ಯಾಸವಿಲ್ಲದ ಬಾಲಕರ ಗುಂಪು ಕೂಡ ಉಸಿರು ತಪ್ಪದೆ ಒಂದೇ ದನಿಯಲ್ಲಿ ಹಾಡಬಲ್ಲುದು.

ಸಮೂಹಗಾನಕ್ಕೆ ಕಾಲ, ಶ್ರುತಿ, ಭಾವಗಳೆಂಬ ಮೂರೂ ಹೇಗೆ ಒಪ್ಪಬೇಕೆಂಬುದಕ್ಕೆ ಪಶ್ಚಿಮದೇಶದಲ್ಲಿಯೂ ಒಂದು ನಿದರ್ಶನವುಂಟು. ಶಾಸ್ತ್ರಿಗಳ ಜನನಕ್ಕೆ ಒಂದು ವರ್ಷ ಮುಂಚೆ, 1842ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ ವೆರ್ದಿಯೆಂಬ ಸಂಗೀತಗಾರನ ‘ನಬುಕ್ಕೊ’ ಎಂಬ ಗೇಯನಾಟಕವು ಪ್ರಯೋಗಗೊಂಡಿತು. ಅದರಲ್ಲಿ ಸೆರೆಸಿಕ್ಕ ಯೆಹೂದ್ಯರು ತಾಯ್ನಾಡನ್ನು ನೆನೆದು ಹಾಡುವ ಮೇಳಗೀತವೊಂದಿದೆ. ಅದರ ಗತಿ ಅತಿ ವಿಳಂಬ. ಶ್ರುತಿ ಎಫ್ ಶಾರ್ಪ್ ಮೇಜರ್. ಬಹುಭಾಗವನ್ನು ಎಲ್ಲರೂ ಒಂದೇ ಸ್ವರದಲ್ಲಿ, ಮೆಲುದನಿಯಲ್ಲಿ ಆರಂಭಿಸಿ ಹಾಡುತ್ತಾರೆ. ಶಂಕರಾಭರಣದ ಸ್ವರಜಾತಿಯೇ ಅಲ್ಲಿಯದೂ. ದುಃಖದ ಮಾತಿಗೆ ಪ್ರಸನ್ನವಾದ ಸ್ವರಶ್ರೇಣಿಯನ್ನು ಹೊಂದಿಸಿದುದರಿಂದ ಶೋಕವು ಗೋಳಾಗದೆ ಭರವಸೆಯಾಗಿ ಪರಿಣಮಿಸುತ್ತದೆ. ಧ್ವನಿಮುದ್ರಿಕೆಗಳಲ್ಲಿ ಈ ಗತಿಯನ್ನು ತುಸು ತ್ವರೆಗೊಳಿಸಿದರೂ ಆ ಭಾವವು ಸಡಿಲುವುದನ್ನು ಕೇಳುಗರು ಗುರುತಿಸಬಹುದು. 1901ರಲ್ಲಿ ವೆರ್ದಿಯ ದೇಹವನ್ನು ಅಂತಿಮ ಸಮಾಧಿಗೆ ಒಯ್ಯುವಾಗ ನೂರಾರು ಗಾಯಕರು ಇದನ್ನೇ ಹಾಡಿದರು. ಇಂದು ವೆರ್ದಿಯ ಹೆಸರು ಲೋಕಕ್ಕೆ ಗೊತ್ತು. ಆ ಗೀತದ ಪದಗಳನ್ನು ಹೆಣೆದ ಸೊಲೇರಾ ಎಂಬ ಕವಿಯನ್ನು ನೆನೆಯುವವರು ಎಷ್ಟು ಮಂದಿ?

ಬಸವಪ್ಪಶಾಸ್ತ್ರಿಗಳ ಪಾಡೂ ಇದಕ್ಕೆ ಸಮಾನ. ಐವತ್ತು ವರ್ಷ ತುಂಬುವ ಮೊದಲೇ, 1891ರಲ್ಲಿ, ಅವರು ಶಿವೈಕ್ಯರಾದರು. ಭಾರತದಲ್ಲಿ ಗ್ರಾಮಫೋನು ಮುದ್ರಣವು ಆರಂಭವಾದುದು 1902ರಲ್ಲಿ. ಆದ್ದರಿಂದ ಅವರ ಕಂಠವು ಯಾವ ತಟ್ಟೆಯಲ್ಲಿಯೂ ಉಳಿಯಲಿಲ್ಲ. ಅವರ ಪ್ರಭುವೂ ಶಿಷ್ಯನೂ ಆದ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. 1947ರಲ್ಲಿ ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಿತು. ಏಕೀಕೃತ ನಾಡಿಗೆ ಕುವೆಂಪು ಅವರ ಗೀತೆಯು 2004ರಲ್ಲಿ ನಾಡಗೀತೆಯೆಂದು ಘೋಷಿತವಾಯಿತು. ಗೀತೆಯು ರಕ್ಷಿಸೆಂದು ಬೇಡಿದ ಸಿಂಹಾಸನದ ಅಧಿಕಾರವು ಅಳಿಯಿತು, ಗೀತೆಯು ಅಳಿಯಲಿಲ್ಲ. ನವರಾತ್ರಿಯ ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿ ಪೊಲೀಸ್ ವಾದ್ಯವೃಂದವು ಅದನ್ನು ನುಡಿಸುವಾಗ ಹಿರಿಯರ ತುಟಿಗಳು ತಾವಾಗಿಯೇ ಚಲಿಸುತ್ತವೆ.

ತನ್ನ ಹೆಸರನ್ನು ಹಿಂದಿಟ್ಟು ವಿದ್ಯೆಯನ್ನು ಮುಂದಿಡುವುದು ಗುರುವಿನ ಲಕ್ಷಣ. ಶಾಸ್ತ್ರಿಗಳು ಮೊದಲು ಗುರುಗಳು, ಆಮೇಲೆ ಕವಿಗಳು. ಮಕ್ಕಳು ಸಾಲಾಗಿ ನಿಂತು ಒಂದೇ ಶ್ರುತಿಯಲ್ಲಿ ಪ್ರಾರ್ಥಿಸುವ ಪ್ರತಿಯೊಂದು ಶಾಲೆಯ ಅಂಗಳದಲ್ಲಿಯೂ ಅವರ ಋಣವಿದೆ. ಆ ಪ್ರಾರ್ಥನೆಯ ಕೊನೆಯಲ್ಲಿ ಪದ ಹೆಣೆದವರ ಹೆಸರನ್ನೊಮ್ಮೆ ಮಕ್ಕಳಿಗೆ ಹೇಳಿಕೊಟ್ಟರೆ ಆ ಋಣದ ಒಂದಂಶವಾದರೂ ತೀರೀತು.