ಅಲೆಕ್ಸಿಸ್ ಕ್ಯಾರೆಲ್

ಅಲೆಕ್ಸಿಸ್ ಕ್ಯಾರೆಲ್ (ಜೂನ್ 28, 1873 – ನವೆಂಬರ್ 5, 1944) ಫ್ರಾನ್ಸ್ ದೇಶದ ಶಸ್ತ್ರವೈದ್ಯರು ಹಾಗೂ ಜೀವವಿಜ್ಞಾನಿ. ರಕ್ತನಾಳಗಳ ಹೊಲಿಗೆ ಮತ್ತು ಅಂಗಗಳ ಕಸಿ ಕುರಿತ ಸಂಶೋಧನೆಗಾಗಿ 1912ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು.

ಜೀವನ

ಲಿಯೋನ್ ನಗರದ ಸಮೀಪ ಜನಿಸಿದ ಇವರು ಆ ನಗರದಲ್ಲಿಯೇ ವೈದ್ಯಕೀಯ ವ್ಯಾಸಂಗ ಮಾಡಿದರು. 1894ರಲ್ಲಿ ಅಲ್ಲಿ ಇರಿತಕ್ಕೊಳಗಾದ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ, ಕತ್ತರಿಸಿದ ರಕ್ತನಾಳವನ್ನು ಜೋಡಿಸುವ ವಿಧಾನವಿಲ್ಲದೆ ಮರಣಹೊಂದಿದರು. ಈ ಘಟನೆ ಕ್ಯಾರೆಲ್‌ರನ್ನು ಸಂಶೋಧನೆಗೆ ಪ್ರೇರೇಪಿಸಿತು. 1906ರಲ್ಲಿ ಅವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು.

ಜೀವಕೋಶಗಳ ಮುಪ್ಪು

1912ರ ಜನವರಿಯಲ್ಲಿ ಕ್ಯಾರೆಲ್ ಕೋಳಿಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸತೊಡಗಿದರು. ಸಹೋದ್ಯೋಗಿ ಆಲ್ಬರ್ಟ್ ಎಬೆಲಿಂಗ್ ಈ ಕೃಷಿಕೆಯನ್ನು 1946ರವರೆಗೆ, ಅಂದರೆ ಕೋಳಿಯ ಆಯುಸ್ಸನ್ನೂ ಮೀರಿ 34 ವರ್ಷ ಕಾಲ ಕಾಪಾಡಿದರು. ಹೀಗಾಗಿ ಜೀವಕೋಶಗಳು ತಾವಾಗಿಯೇ ಮುಪ್ಪಾಗುವುದಿಲ್ಲವೆಂಬ ನಂಬಿಕೆ ದಶಕಗಳ ಕಾಲ ನೆಲೆನಿಂತಿತು. ಆದರೆ ಬೇರೆ ಪ್ರಯೋಗಾಲಯಗಳಲ್ಲಿ ಈ ಫಲಿತಾಂಶ ಮರುಕಳಿಸಲಿಲ್ಲ. ಮಾನವ ಭ್ರೂಣದ ಕೋಶಗಳು ಸುಮಾರು 50 ಬಾರಿ ದ್ವಿಗುಣಗೊಂಡು ವಿಭಜನೆಯನ್ನು ನಿಲ್ಲಿಸುತ್ತವೆ ಎಂಬುದನ್ನು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ತೋರಿಸಿದರು. ಕ್ಯಾರೆಲ್‌ರ ಕೃಷಿಕೆಗೆ ಆಹಾರವಾಗಿ ಬಳಸುತ್ತಿದ್ದ ಭ್ರೂಣರಸದೊಡನೆ ಹೊಸ ಕೋಶಗಳೂ ಸೇರುತ್ತಿದ್ದಿರಬಹುದೆಂದು ಹೇಫ್ಲಿಕ್ ಅಭಿಪ್ರಾಯಪಟ್ಟರು. ವಿಭಜನೆಯ ಈ ಮಿತಿಯನ್ನು ಇಂದು ಹೇಫ್ಲಿಕ್ ಮಿತಿ ಎಂದು ಕರೆಯಲಾಗುತ್ತದೆ.

ವಿವಾದ ಮತ್ತು ನಿಧನ

1935ರ 'ಮ್ಯಾನ್, ದಿ ಅನ್‌ನೋನ್' ಕೃತಿಯಲ್ಲಿ ಕ್ಯಾರೆಲ್ ಸುಜನನಶಾಸ್ತ್ರವನ್ನು ಸಮರ್ಥಿಸಿದರು. 1941ರಲ್ಲಿ ನಾಜಿ ಜರ್ಮನಿಯೊಡನೆ ಸಹಕರಿಸುತ್ತಿದ್ದ ವಿಶಿ ಸರ್ಕಾರದ ಬೆಂಬಲದಿಂದ ಸಂಶೋಧನಾ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಯುದ್ಧಕಾಲದ ಈ ನಂಟಿನ ಬಗ್ಗೆ ಆರೋಪಗಳು ಕೇಳಿಬರುತ್ತಿದ್ದಾಗಲೇ ಪ್ಯಾರಿಸ್‌ನಲ್ಲಿ ನಿಧನರಾದರು.